ಗೆಲ್ಲುವ ಹೊತ್ತಿಗೇ ಬೀಳುವ ಪುಟ್ಟಸಿದ್ದಮ್ಮ

ಮುದ್ದಯ್ಯನ ಟ್ರ್ಯಾಕ್ಟರು ತಿರುಗಿಕೊಳ್ಳುವ ಭರದಲ್ಲಿ ಬದುವಿನ ಮೇಲಿದ್ದ ಅಲಸಂದೆ ಬಳ್ಳಿಯನ್ನೆಲ್ಲ ಅರೆದುಹಾಕಿದ ದಿನ ಪುಟ್ಟಸಿದ್ದಮ್ಮನ ಬಾಯಲ್ಲಿ ಒಳ್ಳೊಳ್ಳೆಯ ಮಾತುಗಳಿದ್ದವು. ಹೊಲದಿಂದ ಊರೊಳಗೆ ಬರುವಷ್ಟರಲ್ಲಿ ಯಾವುದು ಮೊದಲು, ಯಾವುದು ಕೊನೆಗೆ ಎಂದು ಜೋಡಿಸಿಯೂ ಇಟ್ಟುಕೊಂಡಿದ್ದಳು. ಮುದ್ದಯ್ಯ ಊರಿಗೆ ದೊಡ್ಡವನು, ಮಾರಮ್ಮನ ಗುಡಿಯ ಯಜಮಾನಿಕೆ ಅವನದೇ. ಆದರೆ ಬಳ್ಳಿ ಅವಳದು. ಅರಳಿಕಟ್ಟೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದವನ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು.

“ಮಾವ, ಆ ಬದು ಯಾರ್ದು?”

“ಯಾವ ಬದು ಕಣಮ್ಮಿ?”

“ನಿನ್ನ ಟ್ರ್ಯಾಕ್ಟ್ರು ಹೊರಳಾಡ್ಕಂಡು ಓಯ್ತಲ್ಲ, ಆ ಬದು.”

“ತಿರುಗಿಸ್ಕಳಕ್ಕೆ ಜಾಗ ಬ್ಯಾಡ್ವಾ? ಟ್ರ್ಯಾಕ್ಟ್ರೇನು ಮ್ಯಾಕೆಮರಿಯಾ, ಕಿವಿ ಹಿಡ್ದು ತಿರುಗ್ಸಕ್ಕೆ?”

ಕಟ್ಟೆಯ ಮೇಲಿದ್ದವರು ನಕ್ಕರು. ಪುಟ್ಟಸಿದ್ದಮ್ಮನಿಗೆ ಬೇಕಾದದ್ದೂ ಅದೇ. ನಗುವವರ ಮುಂದೆ ಬೈದರೆ ಬೈಗುಳಕ್ಕೆ ತೂಕ ಜಾಸ್ತಿ.

“ತಿರುಗ್ಸಕ್ಕೆ ಬರ್ದೇ ಇದ್ರೆ ಕಟ್ಟೆ ಮೇಲೆ ಕೂತ್ಕೊ ಮಾವ, ಟ್ರ್ಯಾಕ್ಟ್ರು ಮೇಲೆ ಕೂರ್ಬ್ಯಾಡ. ಒಂದು ಸ್ಟೇರಿಂಗು ಹಿಡಿಯಕ್ಕೆ ಬರಾಕಿಲ್ಲ, ಊರು ಹಿಡಿಯಕ್ಕೆ ಬತ್ತೀಯ. ಬಳ್ಳಿ ಅರೆದು ನನ್ನ ಹೊಟ್ಟೆ ಉರಿಸಿದಂಗೇ ನಿನ್ನ ಮೋಟ್ರು...”

ಮೋಟಾರಿಗೆ ಏನಾಗಬೇಕು ಎಂಬುದು ನಾಲಿಗೆಯ ತುದಿಯಲ್ಲಿತ್ತು. ಕಟ್ಟೆಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ, ಮುದ್ದಯ್ಯನ ಬೀಡಿ ಆರಿತ್ತು. ಗೆದ್ದೆ ಎಂದು ಅವಳಿಗೆ ಗೊತ್ತಾಯಿತು. ಅಷ್ಟೇ. ದವಡೆ ಜೋತುಬಿತ್ತು. ಕತ್ತು ವಾಲಿತು. ಮೊಣಕಾಲಿನ ಕೀಲು ಯಾರೋ ಕಳಚಿದಂತಾಗಿ ಪುಟ್ಟಸಿದ್ದಮ್ಮ ಹಸಿ ಗೋಡೆ ಕುಸಿದ ಹಾಗೆ ಕುಸಿದು ಕಟ್ಟೆಯ ಬುಡಕ್ಕೆ ಬಿದ್ದಳು.

ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಒಬ್ಬ ನೀರು ಅಂದ. ಇನ್ನೊಬ್ಬ ಈರುಳ್ಳಿ ಜಜ್ಜಿ ಮೂಗಿಗೆ ಹಿಡೀರಿ ಅಂದ. ಯಾರೋ ಕೈಗೆ ಬೀಗದ ಕೈ ತುರುಕಿದರು. ‘ಅಯ್ಯೋ ಮುಂಡೇವಾ, ನನಗೇನೂ ಆಗಿಲ್ಲ, ಮಾತು ಮುಗಿಸಕ್ಕೆ ಬುಡ್ರೋ’ ಎಂದು ಒಳಗೇ ಕಿರುಚಿಕೊಂಡಳು. ತುಟಿ ಅಲ್ಲಾಡಲಿಲ್ಲ. ಒಂದು ಬೀಡಿ ಅರ್ಧ ಸೇದುವಷ್ಟರಲ್ಲಿ ಕೈಕಾಲು ತಾವಾಗಿಯೇ ವಾಪಸು ಬಂದವು. ಎದ್ದು ಸೀರೆ ಕೊಡವಿಕೊಂಡಳು. ಬೈಗುಳದ ಬಿಸಿ ಆರಿಹೋಗಿತ್ತು. ಮುದ್ದಯ್ಯ ಅವಳನ್ನು ಒಂದು ತರ ನೋಡುತ್ತಿದ್ದ.

ಮಾರನೆಯ ದಿನ ಮುದ್ದಯ್ಯನ ಬೋರಿನ ಮೋಟಾರು ಸುಟ್ಟುಹೋಯಿತು.

ಆ ಮೋಟಾರು ಸುಡುವುದು ಊರಿಗೆ ಹೊಸದಲ್ಲ. ಕರೆಂಟು ಹೆಚ್ಚುಕಡಿಮೆಯಾದಾಗಲೆಲ್ಲ ಸುಡುತ್ತಿತ್ತು, ಪಿರಿಯಾಪಟ್ಟಣಕ್ಕೆ ಹೋಗಿ ತಂತಿ ಸುತ್ತಿಸಿಕೊಂಡು ಬರುತ್ತಿದ್ದರು. ಆದರೆ ಈ ಸಲ ಅದು ಸುಟ್ಟದ್ದು ಪುಟ್ಟಸಿದ್ದಮ್ಮ “ನಿನ್ನ ಮೋಟ್ರು” ಅಂದ ಮಾರನೆಯ ದಿನ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಪುಟ್ಟಸಿದ್ದಮ್ಮನ ಮೈಮೇಲೆ ಮಾರಮ್ಮ ಬಂದಿದ್ದಾಳೆ.

ಊರಿನವರಿಗೂ ಅವಸರವಿತ್ತು. ಮಾರಮ್ಮನ ಅಪ್ಪಣೆ ಹೇಳುತ್ತಿದ್ದ ಕುಳ್ಳಮ್ಮ ತೀರಿಕೊಂಡ ಮೇಲೆ ಗುಡಿಯಲ್ಲಿ ಆ ಜಾಗ ಖಾಲಿ ಬಿದ್ದಿತ್ತು. ದನ ಕಳೆದರೂ, ಹೆಣ್ಣು ನೋಡಿದರೂ, ಬೋರು ಎಲ್ಲಿ ಕೊರೆಸಬೇಕು ಎಂದರೂ ಎಚ್.ಡಿ. ಕೋಟೆ ಕಡೆಯ ಯಾವುದೋ ಊರಿಗೆ ಬಸ್ಸು ಹತ್ತಿ ಹೋಗಿ ಬೇರೆ ದೇವರನ್ನು ಕೇಳಿಕೊಂಡು ಬರಬೇಕಾಗಿತ್ತು. ಸ್ವಂತ ದೇವರಿದ್ದೂ ಬಾಯಿಲ್ಲ ಎಂದು ಮುದ್ದಯ್ಯ ನೊಂದುಕೊಂಡಿದ್ದ.

ಪುಟ್ಟಸಿದ್ದಮ್ಮನ ನಿದ್ದೆಯ ಕಥೆ ಇದಕ್ಕಿಂತ ಹಳೆಯದು, ಅದನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಮೂವತ್ತು ದಾಟಿದ ಮೇಲೆ ಶುರುವಾದದ್ದು. ಪುಟ್ಟಸಿದ್ದಮ್ಮ ಕೂತಲ್ಲಿ ನಿದ್ದೆ ಹೋಗುತ್ತಿದ್ದಳು. ತೂಕಡಿಕೆ ಅಲ್ಲ, ನಿದ್ದೆ, ಕನಸಿನ ಸಮೇತ. ರಾಗಿ ಹಿಟ್ಟಿಗೆ ಕೈ ಹಾಕಿದವಳು ಹಾಗೇ. ಬಚ್ಚಲಿಗೆ ಉರಿ ಹಾಕಲು ಕೂತವಳು ಹಾಗೇ. ಒಮ್ಮೆ ಪಿರಿಯಾಪಟ್ಟಣದಲ್ಲಿ ಬಸ್ಸು ಹತ್ತಿ ತನ್ನ ಊರಿನ ಗೇಟು ದಾಟಿ, ಹುಣಸೂರು ದಾಟಿ, ಬಿಳಿಕೆರೆಯಲ್ಲಿ ಕಣ್ಣು ಬಿಟ್ಟಿದ್ದಳು. ಕಂಡಕ್ಟರು ಕುಡಿದಿದ್ದಾಳೆ ಎಂದುಕೊಂಡು ಇಳಿಸಿದ. ಹೊಗೆಸೊಪ್ಪಿನ ಕಾಲದಲ್ಲಿ ಹೆಂಗಸರೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಸಾಲಾಗಿ ಕೂತು, ಒಳಗೆ ತೂಗುಹಾಕಲು ಹಸಿ ಎಲೆಯನ್ನು ಕಡ್ಡಿಗೆ ದಾರದಲ್ಲಿ ಕಟ್ಟುತ್ತಾರಲ್ಲ, ಅಲ್ಲಿ ಅವಳಿಗೆ ನಿದ್ದೆ ಬಂದರೂ ಕೈ ನಿಲ್ಲುತ್ತಿರಲಿಲ್ಲ. ಕೈ ಪಾಡಿಗೆ ಕೈ ಕಟ್ಟುತ್ತಿತ್ತು. ಒಂದು ಸಲ ಎಲೆಯ ಜೊತೆ ತನ್ನ ಸೆರಗನ್ನೂ ಕಡ್ಡಿಗೆ ಕಟ್ಟಿಕೊಂಡಿದ್ದಳು. ಎದ್ದಾಗ ಕಡ್ಡಿಯೂ ಅವಳ ಹಿಂದೆ ಬಂತು. ಹೆಂಗಸರು ವಾರಗಟ್ಟಲೆ ನಕ್ಕರು.

“ಸೊಪ್ಪಿನ ಅಮಲು ಕಣೆ ಅದು,” ಎಂದು ಗಂಡ ಬಸವರಾಜು ತೀರ್ಮಾನ ಕೊಟ್ಟಿದ್ದ. ಹಸಿ ಸೊಪ್ಪು ಮುಟ್ಟಿದರೆ ತಲೆ ಸುತ್ತುವುದು ಎಲ್ಲರಿಗೂ ಇದ್ದದ್ದೇ.

“ಸೊಪ್ಪು ಇಲ್ದಿರೋ ಬ್ಯಾಸ್ಗೇಲೂ ಬತ್ತದಲ್ಲ?”

“ಅದು ಬ್ಯಾಸ್ಗೆ ನಿದ್ದೆ.”

“ಮಳೇಲಿ ಬತ್ತದಲ್ಲ?”

“ಮಳೇಲಿ ಯಾರ್ಗೆ ಬರಾಕಿಲ್ಲ?”

ಇಂಥವನ ಜೊತೆ ಏನು ಮಾತಾಡುವುದು. ಅತ್ತೆ ಬದುಕಿದ್ದಷ್ಟು ದಿನ ಸೋಮಾರಿ ಎಂದಳು. ಪಿರಿಯಾಪಟ್ಟಣದ ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ಕು ಕೊಟ್ಟ. ಬೀಳುವುದು ಶುರುವಾದ ಮೇಲೆ ಇನ್ನೊಬ್ಬ ಮೂರ್ಛೆರೋಗ ಎಂದು ಮಾತ್ರೆ ಕೊಟ್ಟ. ಆ ಮಾತ್ರೆ ನುಂಗಿದರೆ ಇನ್ನೂ ನಿದ್ದೆ. “ಇದ್ರಲ್ಲಿ ವಾಸಿ ಆಗ್ದಿದ್ರೆ ನರದ ಡಾಕ್ಟ್ರಿಗೆ ತೋರ್ಸಮ್ಮ, ಮಂಗಳವಾರ ಮೈಸೂರಿಂದ ಹುಣಸೂರಿಗೆ ಬರ್ತಾರೆ,” ಎಂದಿದ್ದ ಆ ಡಾಕ್ಟರು. ಬಸವರಾಜು ಅದನ್ನು ಕೇಳಿಸಿಕೊಂಡು ಮರೆತ. ಈಗಂತೂ ನೆನಪಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಮುದ್ದಯ್ಯ ಮನೆಗೆ ಬಂದು, ಶ್ರಾವಣ ಮುಗಿದ ಮೊದಲ ಶುಕ್ರವಾರ ಪುಟ್ಟಸಿದ್ದಮ್ಮನನ್ನು ಕುಳ್ಳಮ್ಮನ ಜಾಗದಲ್ಲಿ ಕೂರಿಸೋಣ ಅಂದಿದ್ದ. ಬಸವರಾಜು ಆಗಲಿ ಅಂದಿದ್ದ.

“ನನ್ನ ಕೇಳ್ದೆ ಆಗ್ಲಿ ಅಂದ್ರಾ?”

“ದೇವ್ರು ಬರೋದನ್ನ ಯಾರನ್ನ ಕೇಳದು?”

“ದೇವ್ರಲ್ಲ ಕಣ್ರೀ ಅದು! ಬಿದ್ದಾಗ ನಂಗೆ ಎಲ್ಲಾ ಕೇಳ್ತಾ ಇರ್ತದೆ. ಮಾರಮ್ಮ ಬಂದಿದ್ರೆ ನಂಗೆ ಗೊತ್ತಾಯ್ತಿರ್ಲಿಲ್ವಾ?”

“ರಾತ್ರಿ ಎದೆ ಮೇಲೆ ಯಾರೋ ಕೂತಂಗಾಯ್ತದೆ, ಕೈಕಾಲು ಅಲ್ಲಾಡಾಕಿಲ್ಲ ಅಂತ ನೀನೇ ಯೋಳ್ತಿದ್ದೆ. ಅದ್ಯಾರು ಮತ್ತೆ?”

ಅಲ್ಲಿಗೆ ಆ ಜಗಳ ಅವಳು ಸೋತಳು. ಸೋತಾಗ ಅವಳು ಬೀಳುತ್ತಲೂ ಇರಲಿಲ್ಲ, ನಿಂತೇ ಇರುತ್ತಿದ್ದಳು. ಅದೇ ಹಾಳು ತಮಾಷೆ.

ಕುಳ್ಳಮ್ಮ ಹೇಗೆ ಬದುಕಿದಳು ಎಂಬುದನ್ನು ಪುಟ್ಟಸಿದ್ದಮ್ಮ ಕಂಡಿದ್ದಳು. ಗುಡಿಯ ಪಕ್ಕದ ಕೋಣೆಯಲ್ಲಿ ಒಬ್ಬಳೇ ಮಲಗಬೇಕು, ಬಾಡು ಮುಟ್ಟುವ ಹಾಗಿಲ್ಲ, ತಲೆ ಬಾಚುವ ಹಾಗಿಲ್ಲ, ನೆಂಟರ ಮನೆಗೆ ಹೋಗುವ ಹಾಗಿಲ್ಲ. ಅದೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ಕುಳ್ಳಮ್ಮ ಒಮ್ಮೆ ಸಾರಿಗೆ ಉಪ್ಪಿಲ್ಲ ಎಂದು ರೇಗಿದಾಗ ಊರವರು ಕರ್ಪೂರ ಹಚ್ಚಿಕೊಂಡು ಓಡಿಬಂದಿದ್ದರು. ಈಗ ಪುಟ್ಟಸಿದ್ದಮ್ಮನಿಗೂ ಅದೇ ಶುರುವಾಗಿತ್ತು. ಹಾಲಿನವನಿಗೆ ನೀರು ಜಾಸ್ತಿ ಹಾಕಿದ್ದೀಯ ಅಂದರೆ ಅವನು ಕೈ ಮುಗಿದು “ತಪ್ಪಾಯ್ತು ತಾಯಿ” ಅನ್ನುತ್ತಿದ್ದ, ಮಾರನೆಯ ದಿನವೂ ಅದೇ ನೀರು. ಮುದ್ದಯ್ಯ ಎದುರಿಗೆ ಸಿಕ್ಕರೆ ಚಪ್ಪಲಿ ಬಿಡುತ್ತಿದ್ದ, ಬಳ್ಳಿಯ ಮಾತು ಎತ್ತುತ್ತಿರಲಿಲ್ಲ. ಅವಳ ಸಿಟ್ಟು ಅವಳದಲ್ಲ, ಮಾರಮ್ಮನದು. ನಲವತ್ತೈದು ವರ್ಷ ಜೋಪಾನ ಮಾಡಿಕೊಂಡು ಬಂದ ಸಿಟ್ಟನ್ನು ಹೀಗೆ ಯಾರೋ ಎತ್ತಿಕೊಂಡು ಹೋಗಿ ಗುಡಿಯಲ್ಲಿಟ್ಟರೆ ಮನುಷ್ಯಳಾದವಳು ಏನು ಮಾಡಬೇಕು?

ಒಂದು ಸೋಮವಾರ ವಾರಗಿತ್ತಿ ಚಾಮುಂಡಮ್ಮ ಹಿತ್ತಲ ಬಾಗಿಲಿಗೆ ಬಂದಳು. ಬಸವರಾಜುವಿನ ತಮ್ಮ ಚೆಲುವರಾಜುವಿನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಕೋಳಿ, ಕಸ, ನಲ್ಲಿ ನೀರು, ಒಣಹಾಕಿದ ಹಪ್ಪಳದ ಮೇಲೆ ಯಾರ ಸೀರೆಯ ನೀರು ತೊಟ್ಟಿಕ್ಕಿತು ಎಂಬುದು, ಹೀಗೆ ಇಪ್ಪತ್ತು ವರ್ಷದಿಂದ ಇಬ್ಬರೂ ಒಂದು ದಿನವೂ ಬಿಡದೆ ಜಗಳವಾಡಿಕೊಂಡು ಬಂದಿದ್ದರು.

“ಅಕ್ಕ, ನೀನು ನಿಜವಾಗ್ಲೂ ಗುಡೀಲಿ ಕೂರ್ತೀಯಾ?”

“ನಂಗೇನು ಕೇಳ್ತೀಯ? ಊರ್ನ ಕೇಳು.”

“ನೀನು ಕೂತ್ರೆ ಶುಕ್ರವಾರ ಶುಕ್ರವಾರ ನಿನ್ನ ಪಾದಕ್ಕೆ ನೀರು ಹಾಕೋಳು ಯಾರು ಗೊತ್ತಾ? ಮನೆ ಕಿರಿ ಸೊಸೆ. ನಾನು! ಅರಿಶಿನ ಹಚ್ಚಿ, ಅಡ್ಡಬಿದ್ದು, ಆ ನೀರ ತಲೆ ಮೇಲೆ ಪ್ರೋಕ್ಷಣೆ ಮಾಡ್ಕಬೇಕಂತೆ. ಮುದ್ದಯ್ಯ ಮಾವ ಯೋಳ್ತು. ಅಕ್ಕ, ನಿನ್ನ ಕಾಲಿಗೆ ನಾನು ಬೀಳದಾ? ಅದ್ಕಿಂತ ಆ ಬ್ಯಾರನ್ ಒಳ್ಗೆ ಹೋಗಿ ಕೂತ್ಕತೀನಿ, ಸೊಪ್ಪಿನ ಜೊತೆ ಬೆಂದೋಯ್ತೀನಿ.”

“ನಂಗೇನು ನಿನ್ನ ಕೈಲಿ ಕಾಲು ತೊಳೆಸ್ಕಳೋ ಆಸೆಯಾ? ಉಗುರು ಕಿತ್ಕೊಂಡು ಬುಡ್ತೀಯ.”

“ಅಂಗಾರೆ ಎದ್ದೇಳು. ನಾಳೆ ಮಂಗಳವಾರ. ಹುಣಸೂರಿಗೆ ಹೋಗನ. ರೋಗ ಅಂತ ಡಾಕ್ಟ್ರು ಬಾಯಲ್ಲಿ ಯೋಳ್ಸನ.”

ಇಪ್ಪತ್ತು ವರ್ಷದಲ್ಲಿ ಚಾಮುಂಡಮ್ಮ ಆಡಿದ ಮೊದಲ ಬುದ್ಧಿಯ ಮಾತು ಅದು ಎಂದು ಪುಟ್ಟಸಿದ್ದಮ್ಮನಿಗೆ ಅನ್ನಿಸಿತು. ಮಾರನೆಯ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿದರು.

ಹುಣಸೂರಿನ ಆ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದವರೆಗೂ ಕಾಯಬೇಕಾಯಿತು. ಪುಟ್ಟಸಿದ್ದಮ್ಮ ಬೆಂಚಿನ ಮೇಲೆ ನಿದ್ದೆ ಹೋದಳು, ಎದ್ದಳು, ಮತ್ತೆ ನಿದ್ದೆ ಹೋದಳು. ಪ್ರತಿ ಸಲ ಎದ್ದಾಗಲೂ ತಲೆ ಚಾಮುಂಡಮ್ಮನ ಹೆಗಲ ಮೇಲಿರುತ್ತಿತ್ತು. ಚಾಮುಂಡಮ್ಮ ಹೆಗಲು ಸರಿಸದೆ ಗೊಣಗುತ್ತಿದ್ದಳು.

ಡಾಕ್ಟರು ಜೋಯಾ ಎಂಬ ಹೆಂಗಸು. ಹುಣಸೂರಿನ ಮರದ ವ್ಯಾಪಾರದ ಮನೆತನದವಳು, ಓದಿ ಮೈಸೂರಿನಲ್ಲಿ ಕೆಲಸಕ್ಕಿದ್ದಳು. ಅವಸರವಿಲ್ಲದೆ ಕೇಳಿದಳು. ಹಗಲು ನಿದ್ದೆ ಎಷ್ಟು, ರಾತ್ರಿ ನಿದ್ದೆ ಹೇಗೆ, ಎದೆಯ ಮೇಲೆ ಕೂರುವವರು ನಿದ್ದೆ ಹತ್ತುವಾಗ ಬರುತ್ತಾರೋ ಬಿಡುವಾಗ ಬರುತ್ತಾರೋ. ಆಮೇಲೆ ಕೇಳಿದಳು:

“ಬೀಳೋವಾಗ ಪ್ರಜ್ಞೆ ಹೋಗುತ್ತಾ ಅಮ್ಮ?”

“ಇಲ್ಲ ಡಾಕ್ಟ್ರಮ್ಮ. ಎಲ್ಲಾ ಕೇಳ್ತದೆ. ಬಾಯಿ ಮಾತ್ರ ಬರಾಕಿಲ್ಲ.”

ಪಕ್ಕದಲ್ಲಿದ್ದ ಚಾಮುಂಡಮ್ಮ ಸೆಟೆದು ಕೂತಳು. “ಎಲ್ಲಾ ಕೇಳ್ತದಾ?”

“ಕೇಳ್ತದೆ ಅಂತ ಊರಿಗೆಲ್ಲ ಯೋಳಿದೀನಿ. ನೀವ್ಯಾರು ಕೇಳಿಸ್ಕಂಡ್ರಿ?”

“ಅಂಗಾರೆ ಕೋಳಿ ಜಗಳದ ದಿವ್ಸ ನಾನು ಅಂದಿದ್ದು...”

“‘ಬಿದ್ಕೊಂಡಿರು ಎಮ್ಮೆ, ಸೊಸೆ ಬರೋ ಹೊತ್ಗೆ ಎದ್ದೀಯಂತೆ’ ಅಂದೆ. ಆಮೇಲೆ ಬಗ್ಗಿ ನನ್ನ ಸೆರಗು ಸರಿಮಾಡ್ದೆ. ಮಾಡ್ತಾ ಮಾಡ್ತಾ, ‘ಥೂ, ಮೂಟೆ ಹೊರಳಿಸ್ದಂಗಾಯ್ತದೆ’ ಅಂದೆ. ಹಪ್ಪಳದ ದಿವ್ಸ ಏನಂದೆ ಅಂತ ಯೋಳ್ಲಾ?”

“ಬ್ಯಾಡ,” ಎಂದಳು ಚಾಮುಂಡಮ್ಮ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದ್ದಳು. “ಒಂದೊಂದು ಮಾತೂ ನೆನಪಿದೆಯಾ?”

“ಮರೆಯೋ ಮಾತಾ ಅವು?”

“ಮೂರ್ಛೆ ಬಂದೋರಿಗೆ ಸಾಮಾನ್ಯವಾಗಿ ಹೀಗೆ ನೆನಪಿರಲ್ಲ. ಸರಿ, ಯಾವಾಗ ಬೀಳ್ತೀರಿ? ಹೊತ್ತು ಗೊತ್ತು ಏನಾದ್ರೂ ಇದೆಯಾ?”

ಪುಟ್ಟಸಿದ್ದಮ್ಮ ಯೋಚಿಸುತ್ತಿದ್ದಳು. ಚಾಮುಂಡಮ್ಮ ಯೋಚಿಸಲಿಲ್ಲ.

“ಗೆಲ್ಲೋವಾಗ ಬೀಳ್ತಾಳೆ ಡಾಕ್ಟ್ರಮ್ಮ.”

“ಏನು?”

“ಈ ನಮ್ಮಕ್ಕ ಜಗಳದಲ್ಲಿ ಸೋಲೋವಾಗ ಕಂಬ ಇದ್ದಂಗಿರ್ತಾಳೆ. ಒಳ್ಳೆ ಮಾತು ನಾಲಿಗೆಗೆ ಬಂದು, ಈಗ ಇವ್ಳ ಬಾಯಿ ಮುಚ್ಚಿಸ್ತೀನಿ ಅನ್ನೋ ಖುಷಿ ಬತ್ತದಲ್ಲ, ಆಗ ಬೀಳ್ತಾಳೆ. ನಗಾಡಿದ್ರೂ ಅಷ್ಟೆ. ದವಡೆ ಜೋತ್ಕತದೆ ಮೊದ್ಲು. ಇಪ್ಪತ್ತು ವರ್ಷದಿಂದ ಎದುರಿಗೆ ನಿಂತೋಳು ನಾನು, ನಂಗೊತ್ತಿಲ್ವಾ? ಅದು ಕಂಡ ತಕ್ಷಣ ನಾನು ಎರಡೆಜ್ಜೆ ಹಿಂದಕ್ಕೆ ಸರ್ಕತೀನಿ.”

“ಹಿಂದಕ್ಕಾ?” ಪುಟ್ಟಸಿದ್ದಮ್ಮ ತಿರುಗಿದಳು. “ಗೊತ್ತಿದ್ದೂ ಹಿಡ್ಕಳಾಕಿಲ್ವಾ?”

“ಹಿಡ್ಕಳಕ್ಕೆ ನೀನೇನು ಹೂವಿನ ಬುಟ್ಟಿಯಾ? ಮೇಲೆ ಬಿದ್ರೆ ನನ್ನ ಸೊಂಟ ಉಳೀತದಾ?”

“ಸಂಜೆಯಾದ್ರೆ ಕುಡ್ದು ಬಿದ್ದಿರೋ ನಿನ್ನ ಗಂಡನ್ನ ಬೀದಿಯಿಂದ ಹೆಗಲ ಮೇಲೆ ಹೊತ್ಕಂಡು ಬತ್ತೀಯಲ್ಲ, ಆಗ ಸೊಂಟ ಮನೇಲಿಟ್ಟು...”

ಒಳ್ಳೆಯ ಮಾತು. ಚಾಮುಂಡಮ್ಮನ ಬಾಯಿ ಮುಚ್ಚಿತು, ಪುಟ್ಟಸಿದ್ದಮ್ಮನ ಬಾಯಿ ತೆರೆದುಕೊಂಡಿತು. ದವಡೆ ಜೋತು, ಕತ್ತು ಮುಂದಕ್ಕೆ ಬಾಗಿ, ಕುರ್ಚಿಯಿಂದ ಗೋಣಿಚೀಲದಂತೆ ಜಾರಿದಳು. ಈ ಸಲ ಚಾಮುಂಡಮ್ಮ ಹಿಂದಕ್ಕೆ ಸರಿಯಲಿಲ್ಲ. ತೋಳು ಹಿಡಿದು ಮೆಲ್ಲಗೆ ನೆಲಕ್ಕಿಳಿಸಿದಳು.

ಡಾಕ್ಟರು ಮೇಜಿನ ಮೇಲಿದ್ದ ರಬ್ಬರಿನ ಸುತ್ತಿಗೆ ತೆಗೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಮೊಣಕಾಲಿನ ಚಿಪ್ಪಿನ ಕೆಳಗೆ ತಟ್ಟಿದಳು. ಕಾಲು ಜಗ್ಗಲಿಲ್ಲ. ಮತ್ತೆ ತಟ್ಟಿದಳು. ಸತ್ತವರ ಕಾಲಿನ ಹಾಗೆ ಬಿದ್ದಿತ್ತು. “ಕೇಳಿಸ್ತಿದೆ ಅಲ್ವಾ? ಹೆದರಬೇಡಿ, ಈಗ ಸರಿಹೋಗುತ್ತೆ,” ಎಂದಳು. ಇಷ್ಟು ವರ್ಷದಲ್ಲಿ ಬಿದ್ದಾಗ ಪುಟ್ಟಸಿದ್ದಮ್ಮನಿಗೆ ಕೇಳಿಸುತ್ತದೆ ಎಂದು ತಿಳಿದು ಮಾತಾಡಿದವಳು ಆ ಡಾಕ್ಟರೊಬ್ಬಳೇ. ಉಳಿದವರೆಲ್ಲ ಅವಳ ಬಗ್ಗೆ ಮಾತಾಡಿದ್ದರು.

ಎದ್ದು ಕೂತ ಮೇಲೆ ಅದೇ ಜಾಗಕ್ಕೆ ತಟ್ಟಿದರೆ ಕಾಲು ಚಿಮ್ಮಿ ಚಾಮುಂಡಮ್ಮನ ಮೊಣಕಾಲಿಗೆ ಬಡಿಯಿತು.

“ಬೇಕಂತಲೇ ಒದ್ದೆ.”

“ಇಲ್ಲ, ಅದು ತಾನಾಗೇ ಆಗೋದು,” ಎಂದು ಡಾಕ್ಟರು ನಕ್ಕಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ನಾವು ನಿದ್ದೆಯಲ್ಲಿ ಕನಸು ಕಾಣುವಾಗ ಎದ್ದು ಓಡದಿರಲಿ ಎಂದು ಮೆದುಳು ಕೈಕಾಲನ್ನು ಸಡಿಲ ಬಿಟ್ಟಿರುತ್ತದೆ. ಎಚ್ಚರವಾದರೆ ಬಿಗಿ ವಾಪಸು ಬರಬೇಕು. ನಿಮ್ಮಲ್ಲಿ ನಿದ್ದೆ ಎಚ್ಚರ ಎರಡೂ ಒಂದರೊಳಗೊಂದು ನುಗ್ಗುತ್ತವೆ. ಅದಕ್ಕೇ ಹಗಲು ನಿದ್ದೆ, ಅದಕ್ಕೇ ಕನಸು ಕಣ್ಣುಬಿಟ್ಟಾಗಲೂ ಎದೆಯ ಮೇಲೆ ಕೂರುವುದು, ಅದಕ್ಕೇ ಜೋರು ನಗು, ಜೋರು ಸಿಟ್ಟು, ಗೆದ್ದ ಖುಷಿ ಬಂದಾಗ ನಿದ್ದೆಯ ಸಡಿಲ ಎಚ್ಚರದಲ್ಲೇ ಬರುವುದು. ಇದಕ್ಕೆ ನಾರ್ಕೊಲೆಪ್ಸಿ ಅನ್ನುತ್ತಾರೆ. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಲ್ಲಿ ಹದ್ದುಬಸ್ತಿನಲ್ಲಿಡಬಹುದು. ಮೈಸೂರಿನಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿದರೆ ಖಾತ್ರಿಯಾಗುತ್ತದೆ.

“ದೇವ್ರಲ್ವಲ್ಲ?” ಎಂದಳು ಚಾಮುಂಡಮ್ಮ.

“ದೇವರ ವಿಷಯ ನನಗೆ ಗೊತ್ತಿಲ್ಲ ಕಣಮ್ಮ. ಇದಂತೂ ಕಾಯಿಲೆ.”

ಮುಂದಿನ ವಾರ ಮೈಸೂರಿಗೆ ಹೋದರು. ಬಸವರಾಜು ಬರಲಿಲ್ಲ, ಬ್ಯಾರನ್ನಿನ ಬೆಂಕಿ ಬಿಟ್ಟು ಬರುವ ಹಾಗಿಲ್ಲ ಎಂದ. ಅದು ನಿಜ, ಆದರೆ ಪೂರ್ತಿ ನಿಜವಲ್ಲ. ತಲೆಗೆಲ್ಲ ವೈರು ಅಂಟಿಸಿ ರಾತ್ರಿ ಮಲಗಿಸಿದರು. ಬೆಳಗ್ಗೆ ಎಬ್ಬಿಸಿ, ತಿಂಡಿ ಕೊಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ ಮಲಗಿ ಎಂದರು. ಎದ್ದ ಮೇಲೆ ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿ. ಸಂಜೆಯವರೆಗೂ ಇದೇ ಕೆಲಸ. ಪ್ರತಿ ಸಲವೂ ಪುಟ್ಟಸಿದ್ದಮ್ಮ ದಿಂಬಿಗೆ ತಲೆ ಕೊಟ್ಟ ತಕ್ಷಣ ನಿದ್ದೆ ಹೋಗಿ, ಆ ತಕ್ಷಣ ಕನಸಿಗೂ ಬಿದ್ದಳು. ಒಂದು ಕನಸಿನಲ್ಲಿ ಅತ್ತೆ ಬಂದು, “ಆಸ್ಪತ್ರೇಲೂ ಮಲಗಿದ್ದೀಯಾ?” ಎಂದಳು. ಇಷ್ಟು ವರ್ಷ ಯಾವುದಕ್ಕೆ ಬೈಸಿಕೊಂಡಿದ್ದಳೋ ಅದನ್ನೇ ಈಗ ಬಿಳಿ ಕೋಟಿನವರು ಬಾಗಿಲು ಮುಚ್ಚಿ, ಪರದೆ ಎಳೆದು, ಮಾಡಿ ಎನ್ನುತ್ತಿದ್ದರು. ಪುಟ್ಟಸಿದ್ದಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. ಅಳು ಮುಗಿಯುವುದರೊಳಗೆ ನಿದ್ದೆ ಬಂತು.

ಖಾತ್ರಿಯಾಯಿತು. ಡಾಕ್ಟರು ಮಾತ್ರೆ ಕೊಟ್ಟಳು. ಮಧ್ಯಾಹ್ನ ಗೊತ್ತುಮಾಡಿಕೊಂಡು ಸ್ವಲ್ಪ ಹೊತ್ತು ಮಲಗಲೇಬೇಕು, ಅದು ಸೋಮಾರಿತನವಲ್ಲ, ಔಷಧಿ ಎಂದಳು. ಒಲೆಯ ಮುಂದೆ, ಬಾವಿಯ ಹತ್ತಿರ ಒಬ್ಬಳೇ ಇರಬೇಡಿ ಎಂದಳು. ಹೊರಡುವಾಗ ಬಾಗಿಲವರೆಗೂ ಬಂದು, “ಮಾತ್ರೆ ಹಿಡಿಯೋಕೆ ಸ್ವಲ್ಪ ದಿನ ಬೇಕು. ಅಲ್ಲಿವರೆಗೆ ಜಗಳ ಆಡೋಕೆ ಮುಂಚೆ ಕೂತ್ಕೊಂಡುಬಿಡಿ,” ಎಂದಳು.

“ಕೂತ್ಕಂಡು ಜಗಳ ಆಡದಾ?” ಪುಟ್ಟಸಿದ್ದಮ್ಮನಿಗೆ ಅದು ಹೇಳಿಸಿಕೊಳ್ಳಲೂ ಅವಮಾನವಾಯಿತು. “ಅಂಗೆ ಆಡಿದ್ರೆ ಯಾರು ಲೆಕ್ಕಕ್ಕಿಟ್ಕತಾರೆ?”

ಊರಿಗೆ ಬಂದು ಹೇಳಿದರೆ ಬಸವರಾಜು ಕಾಯಿಲೆಯ ಹೆಸರನ್ನು ಎರಡು ಸಲ ಹೇಳಿಸಿ, ಎರಡು ಸಲವೂ ನಾಲಿಗೆ ಹೊರಳದೆ ಬಿಟ್ಟ. “ನಮ್ಮ ಕಡೆ ಈ ಹೆಸ್ರು ಯಾರಾದ್ರೂ ಕೇಳಿದಾರೇನೆ? ದೊಡ್ಡೋರಿಗೆ ಮಾತು ಕೊಟ್ಟಿದೀನಿ,” ಎಂದ. ಮುದ್ದಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ಮಾರಮ್ಮ ಹುಣಸೂರಿಗೂ ಹೋಗಿ ಡಾಕ್ಟ್ರ ಮುಂದೇನೇ ಬಂದವ್ಳೆ ಅಂದ್ರೆ ಎಂಥ ಸತ್ಯ ಇರ್ಬೇಕು ನೋಡು!” ಎಂದು ಕಟ್ಟೆಯ ಮೇಲೆ ಹೇಳಿಕೊಂಡು ತಿರುಗಿದ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗಾದರೂ ಗೊತ್ತಾಗುತ್ತದೆ.

ಗೊತ್ತುಮಾಡಿದ್ದ ಶುಕ್ರವಾರ ಬಂತು. ಗುಡಿಯ ಮುಂದೆ ಚಪ್ಪರ, ತಮಟೆ, ಅರಿಶಿನದ ನೀರು, ಕುಳ್ಳಮ್ಮ ಹಿಡಿಯುತ್ತಿದ್ದ ಬೆಳ್ಳಿ ಕಟ್ಟಿನ ಬೆತ್ತ. ಊರೆಲ್ಲ ಸೇರಿತ್ತು. ಹಿಂದಿನ ದಿನವೇ ವಾರಗಿತ್ತಿಯರಿಬ್ಬರೂ ಹಿತ್ತಲಲ್ಲಿ ಕೂತು ಒಂದು ಉಪಾಯ ಮಾಡಿಕೊಂಡಿದ್ದರು. ಡಾಕ್ಟರ ಮಾತನ್ನು ಊರು ನಂಬದಿದ್ದರೆ ಊರ ಮುಂದೆ ಬಿದ್ದೇ ತೋರಿಸುವುದು. ದೇವರಾದರೆ ಕರೆದಾಗ ಬರುವುದಿಲ್ಲ, ಕಾಯಿಲೆಯಾದರೆ ಸಿಟ್ಟು ಬರಿಸಿದರೆ ಬರುತ್ತದೆ.

“ಬಾ ತಾಯಿ,” ಎಂದು ಮುದ್ದಯ್ಯ ಕೈ ಮುಗಿದ.

“ತಾಯಿ ಅನ್ಬ್ಯಾಡ ಮಾವ. ಅಲಸಂದೆ ಬಳ್ಳಿ ಎಲ್ಲಿ?”

“ಅಪ್ಪಣೆ ಕೊಡು, ಬಳ್ಳೀನೇನು, ತೋಟಾನೇ ಮಾಡಿಸ್ತೀನಿ.”

ಚಾಮುಂಡಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದಳು. “ನಿಂತ್ಕಳ್ಳಿ ಎಲ್ರೂವೆ. ಇದು ದೇವ್ರಲ್ಲ, ನಿದ್ದೆ ರೋಗ. ನಾನು ಬೈತೀನಿ, ಇವ್ಳು ಬೀಳ್ತಾಳೆ, ನೋಡ್ಕಳ್ಳಿ.” ತಮಟೆ ನಿಂತಿತು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಶುರುಮಾಡಿದಳು. ಕೋಳಿಯಿಂದ ಹಿಡಿದು ಹಪ್ಪಳದವರೆಗೆ, ಪುಟ್ಟಸಿದ್ದಮ್ಮನ ತವರಿನವರು ಮದುವೆಯಲ್ಲಿ ಬಡಿಸಿದ ನೀರು ಸಾರಿನವರೆಗೆ, ಒಂದನ್ನೂ ಬಿಡಲಿಲ್ಲ.

ಪುಟ್ಟಸಿದ್ದಮ್ಮ ನಿಂತೇ ಇದ್ದಳು. ಸಿಟ್ಟು ಬಾ ಅಂದರೆ ಬರುತ್ತದಾ? ನಾಳೆ ಇಷ್ಟು ಹೊತ್ತಿಗೆ ಬೈತೀನಿ ಎಂದು ಹೇಳಿ ಬೈದ ಬೈಗುಳಕ್ಕೆ ಕಾವೆಲ್ಲಿಯದು? ಎದುರಿಗೆ ನಿಂತವಳು ಇಪ್ಪತ್ತು ವರ್ಷದ ಶತ್ರುವಾಗಿ ಕಾಣದೆ, ಕ್ಲಿನಿಕ್ಕಿನ ಬೆಂಚಿನ ಮೇಲೆ ಹೆಗಲು ಕೊಟ್ಟವಳಾಗಿ ಕಾಣುತ್ತಿದ್ದಳು. ಬೈದು ಬೈದು ಚಾಮುಂಡಮ್ಮನಿಗೆ ಬೆವರು ಇಳಿಯಿತು. ಜನ ಮುಸಿಮುಸಿ ನಗತೊಡಗಿದರು.

“ಬೀಳೇ!” ಎಂದು ಕೊನೆಗೆ ಅವಳು ಅಳುವ ದನಿಯಲ್ಲಿ ಕೂಗಿದಳು. “ಬ್ಯಾಡ ಅಂದಾಗೆಲ್ಲ ಬೀಳ್ತೀಯ, ಈಗ ಏನು ರೋಗ ನಿಂಗೆ? ಬೀಳೇ ಶನಿ! ಮಾನ ಕಳೀಬ್ಯಾಡ!”

ಪುಟ್ಟಸಿದ್ದಮ್ಮನಿಗೆ ನಗು ಉಕ್ಕಿತು. ಬೀಳಲು ಇಷ್ಟು ಗೋಗರೆಸಿಕೊಂಡವರು ಲೋಕದಲ್ಲಿ ಇನ್ನಾರಾದರೂ ಉಂಟೇ? ನಗು ಬಾಯಿಗೆ ಬರುವ ಮೊದಲೇ ದವಡೆ ಜೋತಿತು, ಮೊಣಕಾಲು ಮಡಚಿತು. ಚಾಮುಂಡಮ್ಮ ಓಡಿಬಂದು ಹಿಡಿದು ಮಲಗಿಸಿದಳು. ಕರ್ಪೂರ ಹಿಡಿದು ನುಗ್ಗಿದವರನ್ನು ಮೊಣಕೈಯಲ್ಲಿ ತಳ್ಳಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಮುದ್ದೆ ತಿರುವುವ ಕೋಲಿನ ತುಂಡನ್ನು ತೆಗೆದು ಅವಳ ಮೊಣಕಾಲ ಕೆಳಗೆ ತಟ್ಟಿದಳು.

“ನೋಡಿ. ಜಗ್ಗಾಕಿಲ್ಲ. ಡಾಕ್ಟ್ರಮ್ಮ ಇಂಗೇ ತೋರ್ಸಿದ್ರು. ಈಗ ತಡೀರಿ, ತಾನೇ ಏಳ್ತಾಳೆ.”

ಪುಟ್ಟಸಿದ್ದಮ್ಮ ಎದ್ದು ಕೂತಳು. ಚಾಮುಂಡಮ್ಮ ಮತ್ತೆ ತಟ್ಟಿದಳು. ಕಾಲು ಚಿಮ್ಮಿ, ಬಗ್ಗಿ ನೋಡುತ್ತಿದ್ದ ಮುದ್ದಯ್ಯನ ಕೈಯ ಬೆತ್ತವನ್ನು ಹಾರಿಸಿತು. ಜನ ಹೋ ಎಂದರು. ಹಾಲಿನವನು, “ಅಂಗಾರೆ ದೇವ್ರಲ್ವಾ? ನಾನು ಸುಮ್ನೆ ಕೈ ಮುಗ್ದಿದ್ದಾ?” ಎಂದ. ಬಸವರಾಜು ಮುಖ ಬಾಡಿಸಿಕೊಂಡು ಹತ್ತಿರ ಬಂದು, ಮೊದಲ ಸಲಕ್ಕೆ, “ಪೆಟ್ಟಾಯ್ತಾ?” ಎಂದು ಕೇಳಿದ. ಮುಗಿಯಿತು ಎಂದುಕೊಂಡಳು ಪುಟ್ಟಸಿದ್ದಮ್ಮ.

ಮುದ್ದಯ್ಯ ಬೆತ್ತ ಎತ್ತಿಕೊಂಡ. ಅದನ್ನು ನೋಡಿದ. ಚಾಮುಂಡಮ್ಮನನ್ನು ನೋಡಿದ. ಅವನ ಮುಖದ ಮೇಲೆ ನಿಧಾನವಾಗಿ ಏನೋ ಬೆಳಗಿತು.

“ಬೀಳು ಅಂದ್ಲು, ಬಿದ್ಲು,” ಎಂದ. “ಏಳ್ತಾಳೆ ಅಂದ್ಲು, ಎದ್ಲು. ಕಂಡ್ರಲ್ಲ ಎಲ್ರೂ? ಬಾಯಿಂದ ಬಂದಂಗೇ ನಡೀತು. ಹೆಸ್ರು ನೋಡಿದ್ರೂ ಚಾಮುಂಡಿ. ನಾವು ತಪ್ಪು ಹೆಂಗ್ಸನ್ನ ಹಿಡ್ಕಂಡಿದ್ವಲ್ರೋ!”

ತಮಟೆ ಶುರುವಾಯಿತು. ಚಾಮುಂಡಮ್ಮ ಕೈಯಲ್ಲಿ ಮುದ್ದೆ ಕೋಲು ಹಿಡಿದುಕೊಂಡು ಹಿಂದೆ ಹಿಂದೆ ಸರಿಯುತ್ತ ಗುಡಿಯ ಗೋಡೆಗೆ ಬೆನ್ನು ತಾಗಿಸಿ ನಿಂತಳು. “ಅಕ್ಕ...” ಎಂದಳು ಚಾಮುಂಡಮ್ಮ.

ಆಗ ಪುಟ್ಟಸಿದ್ದಮ್ಮನಿಗೆ ಸಿಟ್ಟು ಬಂತು. ಬಾ ಅಂದರೆ ಬರದೇ ಇದ್ದದ್ದು, ಯಾವ ಮಾರಮ್ಮನದೂ ಅಲ್ಲದ್ದು, ಅಪ್ಪಟ ಅವಳದೇ ಆದದ್ದು. ಮಾತುಗಳು ತಾವಾಗಿಯೇ ಸಾಲಾಗಿ ನಿಂತವು. ಟ್ರ್ಯಾಕ್ಟರು, ಬಳ್ಳಿ, ಹಾಲಿನ ನೀರು, ಸೊಪ್ಪಿನ ಅಮಲು, ಸೋಮಾರಿ, ತಾಯಿ. ಎಲ್ಲವೂ ಇದ್ದವು. ದವಡೆಯ ಅಂಚಿನಲ್ಲಿ ಆ ಪರಿಚಯದ ಸಡಿಲವೂ ಕಾಣಿಸಿಕೊಂಡಿತು.

ಅವಳಿಗೆ ಡಾಕ್ಟರ ಮಾತು ನೆನಪಾಯಿತು. ಕೈ ಊರಿ ಎದ್ದು, ಗುಡಿಯ ಜಗಲಿಯವರೆಗೆ ನಡೆದಳು. ಬಸವರಾಜು ಹೆಗಲ ಮೇಲಿನ ಟವಲಿನಿಂದ ಜಗಲಿಯ ಧೂಳು ಕೊಡವಿದ. ಪುಟ್ಟಸಿದ್ದಮ್ಮ ಕೂತಳು. ಬೆನ್ನನ್ನು ಕಂಬಕ್ಕೆ ಒರಗಿಸಿದಳು. ಕಾಲು ಚಾಚಿಕೊಂಡಳು. ತಮಟೆಯವನಿಗೆ ಕೈಯಲ್ಲೇ ನಿಲ್ಲಿಸು ಎಂದು ತೋರಿಸಿದಳು.

“ಮಾವ,” ಎಂದಳು, “ಇಲ್ಲಿ ಬಾ. ಹತ್ರ ಬಾ. ಇವತ್ತು ಪೂರ್ತಿ ಮುಗಿಸೇ ಏಳೋದು ನಾನು.”